18 ತುಂಬಿದ ಮೇಲೆ ಮೂರೇ ವರ್ಷ

ಹಿಂಜವಾಡಿ ಫೇಸ್ 2ರ ನಮ್ಮ ಆಫೀಸಿನಲ್ಲಿ ನಾನು ನೋಡಿಕೊಳ್ಳುವ ಸಾಫ್ಟ್‌ವೇರ್ ಮಾಡುವುದು ಒಂದೇ ಕೆಲಸ. ಅಮೆರಿಕದ ಆಸ್ಪತ್ರೆಗಳು ತಮ್ಮ ರೋಗಿಗಳ ಹಳೆಯ ಕಡತಗಳನ್ನು ಎಷ್ಟು ವರ್ಷ ಇಟ್ಟುಕೊಳ್ಳಬೇಕು, ಯಾವ ದಿನ ಅಳಿಸಬಹುದು ಎಂದು ಅದು ಲೆಕ್ಕ ಹಾಕುತ್ತದೆ. ಅದರ ಹೊಟ್ಟೆಯೊಳಗೆ ಒಂದು ದೊಡ್ಡ ಕೋಷ್ಟಕವಿದೆ, ರಾಜ್ಯಕ್ಕೊಂದು ಸಾಲು. ರೋಗಿ ಕೋರ್ಟಿಗೆ ಹೋಗಬಹುದಾದ ಕೊನೆಯ ದಿನ ದಾಟುವವರೆಗೂ ಕಡತ ಉಳಿದಿರಬೇಕು ಎಂಬುದು ಆಸ್ಪತ್ರೆಗಳ ಎಚ್ಚರಿಕೆ. ಹಾಗಾಗಿ ಅಲ್ಲಿ ಯಾವುದೋ ವಿಧಾನಸಭೆಯಲ್ಲಿ ಕಾನೂನು ಬದಲಾದರೆ ಇಲ್ಲಿ ಮುಳಶಿ ತಾಲ್ಲೂಕಿನಲ್ಲಿ ಕೂತ ನಾವು ಒಂದು ಅಂಕಿ ಬದಲಿಸುತ್ತೇವೆ.

ಹಾಗೆ ಬಂದ ಬದಲಾವಣೆಗಳಲ್ಲಿ ಒಂದು ಟೆನೆಸಿ ರಾಜ್ಯದ್ದು. ಅಪ್ರಾಪ್ತ ವಯಸ್ಸಿನಲ್ಲಿ ಲಿಂಗ ಪರಿವರ್ತನೆಗೆ ಸಂಬಂಧಿಸಿದ ಚಿಕಿತ್ಸೆ ಪಡೆದವರ ಕಡತವನ್ನು ಅವರಿಗೆ 48 ವರ್ಷ ತುಂಬುವ ತನಕ ಇಡಬೇಕು ಎಂದು ಕ್ಲೈಂಟ್ ಕಡೆಯ ವಕೀಲರು ಬರೆದಿದ್ದರು. ಟೆಸ್ಟಿಂಗ್ ತಂಡದ ಹುಡುಗ ಅದನ್ನು ಟೈಪಿಂಗ್ ತಪ್ಪೆಂದು ತಿಳಿದು ಡಿಫೆಕ್ಟ್ ಹಾಕಿದ. ತಪ್ಪಾಗಿರಲಿಲ್ಲ. 18ಕ್ಕೆ 30 ಸೇರಿಸಿದರೆ 48.

ಟೆನೆಸಿಯಲ್ಲಿ 2023ರ ಜುಲೈ 1ರಂದು ಜಾರಿಗೆ ಬಂದ ಕಾನೂನು 18ರ ಒಳಗಿನವರಿಗೆ ಇಂಥ ಚಿಕಿತ್ಸೆಯನ್ನು ನಿಷೇಧಿಸಿತು. ಅದನ್ನು ಮೀರಿ ಚಿಕಿತ್ಸೆ ಕೊಟ್ಟ ವೈದ್ಯರ ಮೇಲೆ ದಾವೆ ಹೂಡಲು, ಮಗು ಪ್ರಾಪ್ತ ವಯಸ್ಸಿಗೆ ಬಂದ ಮೇಲೆ 30 ವರ್ಷಗಳ ಅವಕಾಶ ಕೊಟ್ಟಿತು. ಅರ್ಕಾನ್ಸಾ ರಾಜ್ಯ ಅದೇ ವರ್ಷ ಇನ್ನೊಂದು ಕಾನೂನು ತಂದು, ಇಂಥ ಚಿಕಿತ್ಸೆಯಿಂದ ಹಾನಿಯಾದ ಮಕ್ಕಳಿಗೆ 18 ತುಂಬಿದ ನಂತರ 15 ವರ್ಷಗಳ ಗಡುವು ಕೊಟ್ಟಿತು. ಉಳಿದ ವೈದ್ಯಕೀಯ ತಪ್ಪುಗಳಿಗೆ ಇವೇ ರಾಜ್ಯಗಳು ಕೊಡುವ ಸಮಯ ನೋಡಿ. ಟೆನೆಸಿಯಲ್ಲಿ ಹಾನಿ ತಿಳಿದ ದಿನದಿಂದ ಒಂದು ವರ್ಷ, ಒಟ್ಟಾರೆ ಮೂರು ವರ್ಷದ ಕಟ್ಟು. ಅರ್ಕಾನ್ಸಾದಲ್ಲಿ ಎರಡು ವರ್ಷ. ಆಪರೇಷನ್ ಮಾಡುವಾಗ ಹೊಟ್ಟೆಯೊಳಗೆ ಬಟ್ಟೆ ಬಿಟ್ಟರೆ, ಅದು ಗೊತ್ತಾದ ಮೇಲೆ ಎರಡೂ ಕಡೆ ಒಂದೇ ವರ್ಷ.

ಈ ಕಾನೂನುಗಳ ಹಿಂದೆ ರಾಜಕೀಯ ಇದೆ ಎನ್ನುವುದು ನಮ್ಮ ಕೋಷ್ಟಕ ನೋಡಿದರೇ ಗೊತ್ತಾಗುತ್ತದೆ. ಹದಿಹರೆಯದವರಿಗೆ ಪ್ರೌಢಾವಸ್ಥೆ ತಡೆಯುವ ಔಷಧ, ಹಾರ್ಮೋನ್ ಕೊಡಬೇಕೇ ಬೇಡವೇ ಎಂಬುದರ ಮೇಲೆ ಅಲ್ಲಿ ದೊಡ್ಡ ಜಗಳವೇ ನಡೆದಿದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಚಿಕಿತ್ಸೆ ಸಿಗಬೇಕು ಎಂಬ ನಿಲುವನ್ನು 2023ರಲ್ಲಿ ಮತ್ತೆ ಹೇಳಿತು. ಇಂಗ್ಲೆಂಡಿನಲ್ಲಿ 2024ರ ಏಪ್ರಿಲ್‌ನಲ್ಲಿ ಬಂದ ಡಾ. ಹಿಲರಿ ಕ್ಯಾಸ್ ಅವರ ವರದಿ ಇದಕ್ಕಿರುವ ಪುರಾವೆ ದುರ್ಬಲ ಎಂದಿತು. ಆ ವರ್ಷದ ಡಿಸೆಂಬರ್‌ನಲ್ಲಿ ಅಲ್ಲಿನ ಸರ್ಕಾರ ಇಂಥ ಮಕ್ಕಳಿಗೆ ಪ್ರೌಢಾವಸ್ಥೆ ತಡೆಯುವ ಔಷಧವನ್ನು ಅನಿರ್ದಿಷ್ಟ ಕಾಲ ನಿಷೇಧಿಸಿತು. 2025ರ ಜೂನ್ 18ರಂದು ಅಮೆರಿಕದ ಸುಪ್ರೀಂ ಕೋರ್ಟ್ ಟೆನೆಸಿಯ ನಿಷೇಧವನ್ನು ಎತ್ತಿಹಿಡಿಯಿತು. ಆ ಜಗಳದಲ್ಲಿ ತೀರ್ಪು ಕೊಡುವಷ್ಟು ವೈದ್ಯಶಾಸ್ತ್ರ ನನಗೆ ಬರುವುದಿಲ್ಲ. ಆದರೆ ಒಂದು ಬಗೆಯ ಚಿಕಿತ್ಸೆಗೆ 30 ವರ್ಷ, ಮಿಕ್ಕೆಲ್ಲಕ್ಕೂ ಒಂದು ವರ್ಷ ಎನ್ನುವುದು ಮಕ್ಕಳ ಮೇಲಿನ ಕಾಳಜಿಯಿಂದ ಹುಟ್ಟಿದ ಲೆಕ್ಕ ಅಂತ ನನಗೆ ಅನ್ನಿಸಲಿಲ್ಲ. ಮಕ್ಕಳ ಕಾಳಜಿಯೇ ಆಗಿದ್ದರೆ ಎಲ್ಲ ಮಕ್ಕಳಿಗೂ ಗಡುವು ಹಿಗ್ಗಬೇಕಿತ್ತಲ್ಲ?

ಇಷ್ಟೂ ಊಟದ ಹೊತ್ತಿನ ಹರಟೆಯಾಗಿ ಮುಗಿದುಹೋಗುತ್ತಿತ್ತು. ನಮ್ಮ ಟೇಬಲ್ಲಿನಲ್ಲಿ ಕೂತಿದ್ದ ಒಬ್ಬರು, ಉತ್ತರ ಕರ್ನಾಟಕದವರು, ಪಕ್ಕದ ಪ್ರಾಜೆಕ್ಟಿನವರು, ಆಮೇಲೆ ಒಬ್ಬರೇ ಬಂದು ಕೇಳಿದರು: "ಅಕ್ಕಾ, ನಮ್ಮ ದೇಶದಾಗ ಇದಕ್ಕ ಎಷ್ಟು ವರ್ಷ ಕೊಡ್ತಾರ?"

ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು ಹೇಳುವುದಿಲ್ಲ. ಹುಟ್ಟಿದ್ದು 2001ರ ಡಿಸೆಂಬರ್‌ನಲ್ಲಿ. ಗಂಡೋ ಹೆಣ್ಣೋ ಎಂದು ನೋಡಿದ ಕೂಡಲೇ ಹೇಳಲಾಗದ ದೇಹರಚನೆಯೊಂದಿಗೆ ಹುಟ್ಟಿದ ಮಗು. ಇಂಥವರನ್ನು ಈಗ ಇಂಟರ್‌ಸೆಕ್ಸ್ ಎನ್ನುತ್ತಾರೆ. 2005ರ ಬೇಸಿಗೆ ರಜೆಯಲ್ಲಿ, ಮೂರು ವರ್ಷದ ಮಗುವಿಗೆ ಊರ ಹತ್ತಿರದ ಖಾಸಗಿ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಆಯಿತು. ಹೆಣ್ಣುಮಗಳಾಗಿ ಬೆಳೆಸಿದರು. ಏನು ನಡೆದಿತ್ತು ಎಂದು ಯಾರೂ ಹೇಳಲಿಲ್ಲ. 2025ರಲ್ಲಿ ವಾಕಡ್‌ನಲ್ಲಿ ಕಿಬ್ಬೊಟ್ಟೆ ನೋವಿಗೆಂದು ಸ್ಕ್ಯಾನ್ ಮಾಡಿಸಿದಾಗ ಡಾಕ್ಟರು, "ಈ ಆಪರೇಷನ್ ಯಾವಾಗ ಆಗಿದ್ದು?" ಎಂದು ಕೇಳಿದರು. ಅಂದು ರಾತ್ರಿಯೇ ತಾಯಿಗೆ ಫೋನು. "ದೊಡ್ಡಾಕಿ ಆದ ಮ್ಯಾಲೆ ತಾನ ತಿಳಕೋತಾಳ, ಈಗ ಯಾಕ ಹೇಳೂದು ಅಂತ ಡಾಕ್ಟರು ಅಂದಿದ್ರವ್ವಾ," ಎಂದು ಆ ತಾಯಿ ಅತ್ತರಂತೆ.

ಇದು ಟ್ರಾನ್ಸ್‌ಜೆಂಡರ್ ಯುವಜನರ ಪ್ರಶ್ನೆಯಲ್ಲ, ಅದರ ಕನ್ನಡಿಯೊಳಗಿನ ಬಿಂಬ. ಅಲ್ಲಿ ಹದಿಹರೆಯದವರು ತಾವೇ ಕೇಳಿ ಪಡೆದ ಚಿಕಿತ್ಸೆ. ಇಲ್ಲಿ ಕೇಳದೇ ಕೊಟ್ಟದ್ದು. ಎರಡರಲ್ಲೂ ಸಮಾನವಾದದ್ದು ಒಂದೇ. ಚಿಕಿತ್ಸೆಯಾದಾಗ ರೋಗಿ ಮಗು, ಸಹಿ ಹಾಕಿದವರು ಅಪ್ಪ-ಅಮ್ಮ, ಪರಿಣಾಮ ಪೂರ್ತಿ ತಿಳಿಯುವುದು ದೊಡ್ಡವರಾದ ಮೇಲೆ. ನಮ್ಮ ದೇಶದಲ್ಲಿ ಕೋರ್ಟುಗಳ ಮುಂದೆ ಹೆಚ್ಚು ಬಂದಿರುವುದು ಈ ಎರಡನೆಯ ಬಗೆ. 2019ರ ಏಪ್ರಿಲ್ 22ರಂದು ಮದ್ರಾಸ್ ಹೈಕೋರ್ಟಿನ ಮದುರೈ ಪೀಠದ ನ್ಯಾಯಮೂರ್ತಿ ಜಿ.ಆರ್. ಸ್ವಾಮಿನಾಥನ್, ತೂತ್ತುಕುಡಿಯ ಒಂದು ಮದುವೆ ನೋಂದಣಿಯ ಪ್ರಕರಣದಲ್ಲೇ, ಇಂಟರ್‌ಸೆಕ್ಸ್ ಶಿಶುಗಳಿಗೆ ಲಿಂಗ ನಿಗದಿ ಮಾಡುವ ಶಸ್ತ್ರಚಿಕಿತ್ಸೆ ನಿಲ್ಲಿಸಬೇಕು ಎಂದರು. ಅದೇ ಆಗಸ್ಟ್‌ನಲ್ಲಿ ತಮಿಳುನಾಡು ಸರ್ಕಾರ, ಜೀವಕ್ಕೆ ಅಪಾಯವಿದ್ದ ಸಂದರ್ಭ ಬಿಟ್ಟು ಉಳಿದಂತೆ ಅದನ್ನು ನಿಷೇಧಿಸಿ ಆದೇಶ ಹೊರಡಿಸಿತು. ದೇಶದಲ್ಲಿ ಅದೇ ಮೊದಲು. 2023ರ ಆಗಸ್ಟ್‌ನಲ್ಲಿ ಕೇರಳ ಹೈಕೋರ್ಟಿನ ನ್ಯಾಯಮೂರ್ತಿ ವಿ.ಜಿ. ಅರುಣ್, ಏಳು ವರ್ಷದ ತಮ್ಮ ಮಗುವಿಗೆ ಇಂಥ ಆಪರೇಷನ್ ಮಾಡಿಸಲು ಅನುಮತಿ ಕೇಳಿದ ತಂದೆ-ತಾಯಿಗೆ ಅದನ್ನು ಕೊಡಲಿಲ್ಲ. ಮಗುವಿನ ಒಪ್ಪಿಗೆಯಿಲ್ಲದೆ ಹಾಗೆ ಮಾಡುವುದು ಅದರ ಘನತೆ, ಖಾಸಗಿತನಕ್ಕೆ ಧಕ್ಕೆ ಎಂದು ಹೇಳಿ, ತಜ್ಞರ ಸಮಿತಿ ನೋಡಲಿ ಎಂದಿತು ಕೋರ್ಟು. 2024ರ ಏಪ್ರಿಲ್‌ನಲ್ಲಿ ಇದೇ ವಿಷಯದ ಅರ್ಜಿಯೊಂದರ ಮೇಲೆ ಸುಪ್ರೀಂ ಕೋರ್ಟ್ ಕೇಂದ್ರಕ್ಕೆ ನೋಟಿಸ್ ಕೊಟ್ಟಿದೆ.

ಇವೆಲ್ಲ ಇನ್ನು ಮುಂದೆ ಆಗುವ ಆಪರೇಷನ್‌ಗಳ ಮಾತು. ಆಗಿಹೋದವರ ಕತೆ ಏನು?

ನಮ್ಮಲ್ಲಿ ವೈದ್ಯಕೀಯ ನಿರ್ಲಕ್ಷ್ಯಕ್ಕೆ ಪರಿಹಾರ ಕೇಳಲು ಜನ ಹೆಚ್ಚಾಗಿ ಹಿಡಿಯುವ ದಾರಿ ಗ್ರಾಹಕ ಆಯೋಗ. 1995ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್, ಇಂಡಿಯನ್ ಮೆಡಿಕಲ್ ಅಸೋಸಿಯೇಷನ್ ಮತ್ತು ವಿ.ಪಿ. ಶಾಂತಾ ಪ್ರಕರಣದಲ್ಲಿ, ಹಣ ಕೊಟ್ಟು ಪಡೆದ ಚಿಕಿತ್ಸೆಯೂ 'ಸೇವೆ'ಯೇ ಎಂದಿತು. ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆ ಇದರೊಳಗೆ ಬರುವುದಿಲ್ಲ. ಅಲ್ಲಿಗೆ ಸಿವಿಲ್ ಕೋರ್ಟೇ ಗತಿ. ಗ್ರಾಹಕ ಆಯೋಗದ ಗಡುವು ಎರಡು ವರ್ಷ. 1986ರ ಹಳೆಯ ಕಾಯ್ದೆಯಲ್ಲೂ ಅಷ್ಟೇ, 2019ರ ಹೊಸ ಕಾಯ್ದೆಯ 69ನೇ ಕಲಮಿನಲ್ಲೂ ಅಷ್ಟೇ. ತಡವಾದದ್ದಕ್ಕೆ ಸಾಕಷ್ಟು ಕಾರಣವಿದ್ದರೆ ಆಯೋಗ ಅದನ್ನು ಬರೆದಿಟ್ಟು ಮನ್ನಿಸಬಹುದು. ಗ್ರಾಹಕ ಮಗುವಾಗಿದ್ದರೆ ತಂದೆ-ತಾಯಿ ಅಥವಾ ಪೋಷಕರು ದೂರು ಕೊಡಬಹುದು ಎಂದೂ ಕಾಯ್ದೆ ಹೇಳುತ್ತದೆ. ಮಗು ದೊಡ್ಡದಾಗುವವರೆಗೆ ಗಡಿಯಾರ ನಿಲ್ಲುತ್ತದೆ ಎಂದು ಮಾತ್ರ ಅದರಲ್ಲಿ ಇಲ್ಲ.

ಗಡಿಯಾರ ಶುರುವಾಗುವುದು ಯಾವಾಗ? ಇಲ್ಲಿ ಎಲ್ಲ ವಕೀಲರೂ ಎತ್ತಿಕೊಳ್ಳುವುದು ಸುಪ್ರೀಂ ಕೋರ್ಟಿನ 2010ರ ಅಕ್ಟೋಬರ್‌ನ ಶ್ರೀಖಂಡೆ ಪ್ರಕರಣ. ಗೋವಾದ ಸರ್ಕಾರಿ ಆಸ್ಪತ್ರೆಯೊಂದರ ನರ್ಸ್ ಒಬ್ಬರಿಗೆ 1993ರ ನವೆಂಬರ್‌ನಲ್ಲಿ ಮುಂಬೈನ ದಾದರ್‌ನಲ್ಲಿ ಪಿತ್ತಕೋಶದ ಕಲ್ಲಿನ ಆಪರೇಷನ್ ಆಯಿತು. ನೋವು ಆಗಾಗ ಬರುತ್ತಲೇ ಇತ್ತು. ನೋವಿನ ಮಾತ್ರೆ ನುಂಗಿಕೊಂಡು ಸುಮಾರು ಒಂಬತ್ತು ವರ್ಷ ಕಳೆದರು. 2002ರ ಅಕ್ಟೋಬರ್‌ನಲ್ಲಿ ಮುಂಬೈನಲ್ಲೇ ಎರಡನೇ ಆಪರೇಷನ್ ಆದಾಗ ಹೊಟ್ಟೆಯೊಳಗೆ ಗಾಜ್ ಬಟ್ಟೆ ಸಿಕ್ಕಿತು. 2004ರ ಅಕ್ಟೋಬರ್‌ನಲ್ಲಿ, ಎರಡು ವರ್ಷ ತುಂಬುವ ಕೆಲವೇ ದಿನ ಮೊದಲು, ದೂರು ಕೊಟ್ಟರು. ರಾಜ್ಯ ಆಯೋಗ ಗಡುವು ಮೀರಿದೆ ಎಂದಿತು. ರಾಷ್ಟ್ರೀಯ ಆಯೋಗ ಇಲ್ಲ, ವಿಚಾರಣೆ ನಡೆಯಲಿ ಎಂದಿತು. ಸುಪ್ರೀಂ ಕೋರ್ಟ್ ಒಂದು ಸೂತ್ರ ಹೇಳಿತು. ತಪ್ಪು ಕಣ್ಣಿಗೆ ಕಾಣುವಂತಿದ್ದರೆ ಅದು ನಡೆದ ದಿನದಿಂದಲೇ ಲೆಕ್ಕ. ಒಳಗೆ ಅಡಗಿದ್ದರೆ, ರೋಗಿಗಾಗಲೀ ಅವರ ಪರವಾಗಿ ದೂರು ಕೊಡುವ ಪ್ರತಿನಿಧಿಗಾಗಲೀ ಅದು ತಿಳಿದ ದಿನದಿಂದ, ಇಲ್ಲವೇ ತಕ್ಕಷ್ಟು ಎಚ್ಚರ ವಹಿಸಿದ್ದರೆ ತಿಳಿಯಬಹುದಾಗಿದ್ದ ದಿನದಿಂದ. ಹೇಳಿದ್ದು ಒಳ್ಳೆಯ ಸೂತ್ರವೇ. ಆದರೆ ಸೋತದ್ದು ಆ ನರ್ಸ್. ನೀವು ವೈದ್ಯಕೀಯ ಕ್ಷೇತ್ರದವರು, ಅಷ್ಟು ನೋವಿದ್ದೂ ಆಪರೇಷನ್ ಮಾಡಿದ ಡಾಕ್ಟರನ್ನು ಯಾಕೆ ಕೇಳಲಿಲ್ಲ ಎಂದಿತು ಕೋರ್ಟು. ನೋವು ನುಂಗಿಕೊಂಡು ಡ್ಯೂಟಿ ಮಾಡುವ ನರ್ಸುಗಳನ್ನು ಕಂಡವರಿಗೆ ಆ ಮಾತು ಕಠಿಣ ಎನ್ನಿಸದೆ ಇರದು.

ನಮ್ಮ ಈ ಸ್ನೇಹಿತರಿಗೆ ಈ ಸೂತ್ರ ನೆರವಾಗುತ್ತದೆಯೇ? ಮೂರು ವರ್ಷದ ಮಗು ಏನು ಎಚ್ಚರ ವಹಿಸೀತು? 2025ರಲ್ಲಿ ತಿಳಿಯಿತು, ಹಾಗಾಗಿ 2027ರವರೆಗೆ ಸಮಯವಿದೆ ಎಂದು ವಾದಿಸಬಹುದು. ಆದರೆ 'ಪ್ರತಿನಿಧಿ' ಎಂಬ ಶಬ್ದ ಅಡ್ಡ ನಿಲ್ಲುತ್ತದೆ. ಎದುರು ಪಕ್ಷದ ವಕೀಲರು ಕೇಳುವ ಮೊದಲ ಪ್ರಶ್ನೆ ಅದೇ: ತಂದೆ-ತಾಯಿಗೆ 2005ರಲ್ಲೇ ಎಲ್ಲ ಗೊತ್ತಿತ್ತಲ್ಲ? ಮಗುವಿನ ಪರ ದೂರು ಕೊಡಬೇಕಾದವರು ಅವರೇ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದವರೂ ಅವರೇ. ತಾವೇ ಒಪ್ಪಿ, ಸಾಲ ಮಾಡಿ, ಊರಲ್ಲಿ ಯಾರಿಗೂ ತಿಳಿಯದ ಹಾಗೆ ಮಾಡಿಸಿದ ಆಪರೇಷನ್ ಮೇಲೆ ಎರಡು ವರ್ಷದೊಳಗೆ ಯಾವ ತಂದೆ-ತಾಯಿ ಕೇಸು ಹಾಕುತ್ತಾರೆ? ಕಾಯ್ದೆ ಮಗುವಿನ ದನಿಯನ್ನು ಯಾರ ಕೈಗೆ ಕೊಟ್ಟಿದೆಯೋ, ಬಾಯಿ ಬಿಡಲು ಎಲ್ಲರಿಗಿಂತ ಹೆಚ್ಚು ಹಿಂಜರಿಯುವವರು ಅವರೇ.

ಸಿವಿಲ್ ದಾವೆಯ ದಾರಿಯಲ್ಲಿ ಮಗುವಿಗೆ ಸ್ವಲ್ಪ ಜಾಗವಿದೆ. 1963ರ ಕಾಲಮಿತಿ ಕಾಯ್ದೆಯ 6ನೇ ಕಲಮು, ದಾವೆಯ ಹಕ್ಕು ಹುಟ್ಟಿದಾಗ ವ್ಯಕ್ತಿ ಅಪ್ರಾಪ್ತರಾಗಿದ್ದರೆ ಪ್ರಾಪ್ತ ವಯಸ್ಸು ಬಂದ ಮೇಲೆ ಗಡಿಯಾರ ಶುರು ಎನ್ನುತ್ತದೆ. 8ನೇ ಕಲಮು ಆ ವಿನಾಯಿತಿಯನ್ನು ಮೂರು ವರ್ಷಕ್ಕೆ ಕಟ್ಟಿಹಾಕುತ್ತದೆ. ಅಂದರೆ 18 ತುಂಬಿದವರು 21 ತುಂಬುವುದರೊಳಗೆ ಕೋರ್ಟಿನ ಮೆಟ್ಟಿಲು ಹತ್ತಬೇಕು. ಟೆನೆಸಿಯ ಆ ಸಾಲಿನಲ್ಲಿ 48, ನಮ್ಮಲ್ಲಿ 21.

ಇವರ ಲೆಕ್ಕ ಹಾಕಿ ನೋಡೋಣ. 18 ತುಂಬಿದ್ದು 2019ರ ಡಿಸೆಂಬರ್. ಗಡುವು 2022ರ ಡಿಸೆಂಬರ್. ನಡುವೆ ಕೊರೊನಾ ಬಂತು. 2020ರ ಮಾರ್ಚ್ 15ರಿಂದ 2022ರ ಫೆಬ್ರುವರಿ 28ರವರೆಗಿನ ಕಾಲವನ್ನು ಯಾವ ಗಡುವಿನಲ್ಲೂ ಎಣಿಸಬಾರದು ಎಂದು ಸುಪ್ರೀಂ ಕೋರ್ಟ್ 2022ರ ಜನವರಿ 10ರಂದು ಆದೇಶಿಸಿತ್ತು. ಅದನ್ನು ಸೇರಿಸಿದರೂ 2024ರ ಕೊನೆಗೆ ಮುಗಿಯುತ್ತದೆ. ಸ್ಕ್ಯಾನ್ ಆಗಿದ್ದು 2025ರಲ್ಲಿ. ಕೆಲವೇ ತಿಂಗಳು! ಇನ್ನು ಉಳಿಯುವುದು 17ನೇ ಕಲಮು. ಎದುರಾಳಿ ವಂಚನೆಯಿಂದ ವಿಷಯ ಮುಚ್ಚಿಟ್ಟಿದ್ದರೆ, ಅದು ಗೊತ್ತಾದ ದಿನದಿಂದ ಲೆಕ್ಕ. "ದೊಡ್ಡಾಕಿ ಆದ ಮ್ಯಾಲೆ ತಾನ ತಿಳಕೋತಾಳ" ಎಂದ ಡಾಕ್ಟರ ಮಾತು ವಂಚನೆಯೋ, ಆ ಕಾಲದ ವೈದ್ಯರ ವಾಡಿಕೆಯೋ? ಪುಣೆಯಲ್ಲಿ ನಾವು ಕಂಡ ವಕೀಲರು ಇದಕ್ಕೆ ತಲೆ ಅಲ್ಲಾಡಿಸಿದರು, ಹೌದು ಎಂದೂ ಅಲ್ಲ, ಇಲ್ಲ ಎಂದೂ ಅಲ್ಲ.

ಕ್ರಿಮಿನಲ್ ಪ್ರಕರಣದ ಆಸೆ ಇನ್ನೂ ದೂರ. ನಿರ್ಲಕ್ಷ್ಯದಿಂದ ಸಾವಾದರೆ ವೈದ್ಯರಿಗೆ ಎರಡು ವರ್ಷದವರೆಗೆ ಶಿಕ್ಷೆ. ಮೂರು ವರ್ಷದೊಳಗಿನ ಶಿಕ್ಷೆಯ ಅಪರಾಧಗಳನ್ನು ಕೋರ್ಟು ಕೈಗೆತ್ತಿಕೊಳ್ಳಲು ಹೆಚ್ಚೆಂದರೆ ಮೂರು ವರ್ಷ. ಇಲ್ಲಿ ಅದು ಹೊಂದುವುದೂ ಇಲ್ಲ.

ಗಡುವಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ಕಾಗದದ ವಿಷಯ. ನನ್ನ ಕಸುಬೇ ಅದಾದ್ದರಿಂದ ಇರಬಹುದು. ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ ಮೂರು ವರ್ಷ ಇಟ್ಟರೆ ಸಾಕು. ರೋಗಿ ಮಗುವಾದರೂ ಅಷ್ಟೇ. 2005ರ ಕಡತ 2008ರಲ್ಲಿ ಹರಿದು ಎಸೆಯಬಹುದು. ಆಗ ಇವರಿಗೆ ಆರು ವರ್ಷ, ಒಂದನೇ ತರಗತಿ. ಒಂದು ಕಾನೂನು 21ರವರೆಗೆ ಕೋರ್ಟಿಗೆ ಬಾ ಎನ್ನುತ್ತದೆ, ಇನ್ನೊಂದು ನಿಯಮ ಆರನೇ ವಯಸ್ಸಿಗೇ ಸಾಕ್ಷಿಯನ್ನು ರದ್ದಿಗೆ ಹಾಕಲು ಬಿಡುತ್ತದೆ. ನಮ್ಮ ಕೋಷ್ಟಕದಲ್ಲಿ ಇಂಥ ಎರಡು ಅಂಕಿಗಳು ಒಂದೇ ಸಾಲಿನಲ್ಲಿ ಬಂದಿದ್ದರೆ ಸಾಫ್ಟ್‌ವೇರ್ ಕೆಂಪು ಬಣ್ಣ ತೋರಿಸಿ ನಿಂತುಬಿಡುತ್ತಿತ್ತು. ಆಸ್ಪತ್ರೆಗೆ ಪತ್ರ ಬರೆದಾಗ ಬಂದ ಉತ್ತರವೂ ಇದೇ: ಅಷ್ಟು ಹಳೆಯದು ನಮ್ಮಲ್ಲಿ ಇಲ್ಲ. ನಿಯಮ ಮೀರಿದ ಉತ್ತರ ಅದಲ್ಲ.

ವೈದ್ಯರ ಕಡೆಯ ಮಾತೂ ಇದೆ. ಮಕ್ಕಳ ಶಸ್ತ್ರಚಿಕಿತ್ಸಕರಾಗಿರುವ ನನ್ನ ಚಿಕ್ಕಪ್ಪನ ಮಗನಿಗೆ ಇದನ್ನು ಹೇಳಿದಾಗ ಅವನು ಬೇಸರಪಟ್ಟುಕೊಂಡ. "ಮೂತ್ರನಾಳ ಕಟ್ಟಿಕೊಂಡ ಮಗುವಿಗೆ ಆಪರೇಷನ್ ಮಾಡದೆ ಬಿಡೋಕಾಗುತ್ತಾ? ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕ್ಬೇಡ. ಆಗಿನ ಪುಸ್ತಕದಲ್ಲಿ ಬೇಗ ಮಾಡಿ ಅಂತಲೇ ಇತ್ತು, ಇಪ್ಪತ್ತು ವರ್ಷ ಆದ್ಮೇಲೆ ಇವತ್ತಿನ ಪುಸ್ತಕ ಹಿಡ್ಕೊಂಡು ಬಂದ್ರೆ?" ಎಂದ. ಅವನ ಮಾತಿಗೆ ಕಾನೂನಿನ ಬೆಂಬಲವಿದೆ. 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ವೈದ್ಯರ ಕೆಲಸವನ್ನು ಘಟನೆ ನಡೆದ ಕಾಲದ ತಿಳಿವಳಿಕೆಯಿಂದ ಅಳೆಯಬೇಕು, ವಿಚಾರಣೆಯ ದಿನದ ತಿಳಿವಳಿಕೆಯಿಂದಲ್ಲ ಎಂದಿದೆ. ಹಾಗಾದರೆ ಗಡುವು ಉದ್ದವಾದರೆ ಒಳ್ಳೆಯ ವೈದ್ಯರು ಹೆದರುವ ಕಾರಣವೇನು? ಹಳೆಯ ಕಾಲದ ಅಳತೆಗೋಲೇ ಅವರನ್ನು ಕಾಪಾಡುತ್ತದೆ. ಅದನ್ನು ತೋರಿಸಲು ಅವರಿಗೂ ಕಡತ ಬೇಕು. ಇಷ್ಟನ್ನು ಅವನು ಒಪ್ಪಿದ.

ಪಶ್ಚಾತ್ತಾಪ ಬೇರೆ, ನಿರ್ಲಕ್ಷ್ಯ ಬೇರೆ ಎಂಬುದನ್ನೂ ಇಲ್ಲಿ ಹೇಳಬೇಕು. ಅಮೆರಿಕದ ಚರ್ಚೆಯಲ್ಲಿ ಇವೆರಡನ್ನೂ ಬೆರೆಸಿ ಕಲಸುತ್ತಾರೆ. ಚಿಕಿತ್ಸೆಯಿಂದ ಅಂದುಕೊಂಡಷ್ಟು ನೆಮ್ಮದಿ ಸಿಗಲಿಲ್ಲ ಎಂದ ಮಾತ್ರಕ್ಕೆ ವೈದ್ಯರು ತಪ್ಪಿತಸ್ಥರಲ್ಲ. ಏನು ಮಾಡುತ್ತೇವೆ, ಏನು ಅಪಾಯ, ಬೇರೆ ದಾರಿ ಏನಿದೆ ಎಂದು ತಿಳಿಸಿದರೇ, ಒಪ್ಪಿಗೆ ಪಡೆದರೇ ಎನ್ನುವುದು ನಿಜವಾದ ಪ್ರಶ್ನೆ. 2008ರ ಸಮೀರಾ ಕೊಹ್ಲಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಪ್ರಾಪ್ತ ವಯಸ್ಸಿನ ರೋಗಿಯ ಬದಲು ತಾಯಿ ಕೊಟ್ಟ ಒಪ್ಪಿಗೆ ಸಲ್ಲದು ಎಂದಿತ್ತು. ಹಿಂಜವಾಡಿ, ವಾಕಡ್ ಪಿ.ಜಿ.ಗಳಲ್ಲಿ ಇದ್ದುಕೊಂಡು, ಸಂಬಳ ಉಳಿಸಿ ಲಿಂಗ ದೃಢೀಕರಣದ ಶಸ್ತ್ರಚಿಕಿತ್ಸೆಗೆ ಹೋಗುವ ಟ್ರಾನ್ಸ್‌ಜೆಂಡರ್ ಯುವಕ-ಯುವತಿಯರು ಇದನ್ನು ನೆನಪಿಡುವುದು ಒಳ್ಳೆಯದು. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣೆ ಕಾಯ್ದೆ ಇಂಥ ಚಿಕಿತ್ಸೆ, ವಿಮೆಗಳಿಗೆ ವ್ಯವಸ್ಥೆ ಮಾಡಲು ಸರ್ಕಾರಕ್ಕೆ ಹೇಳಿತು. ಆದರೆ ಅದು ಕೆಟ್ಟರೆ ಏನು ಎಂಬುದಕ್ಕೆ ಬೇರೆ ಗಡುವು ಏನೂ ಹೇಳಲಿಲ್ಲ. ಅದೇ ಎರಡು ವರ್ಷ. ಆಪರೇಷನ್ ಮುಗಿದು, ಮತ್ತೆ ಸರಿಪಡಿಸುವ ಆಪರೇಷನ್, ಮತ್ತೊಂದು, ಹೀಗೆ ಡಾಕ್ಟರು "ಸರಿಹೋಗುತ್ತೆ" ಎನ್ನುತ್ತಿರುವಾಗಲೇ ಎರಡು ವರ್ಷ ಕಳೆದುಹೋಗುತ್ತದೆ.

ಕರ್ನಾಟಕ ಬಿಟ್ಟು ಬಂದ ನಮ್ಮಂಥವರಿಗೆ ಒಂದು ಅನುಕೂಲವಿದೆ. 2019ರ ಗ್ರಾಹಕ ಕಾಯ್ದೆಯ ಪ್ರಕಾರ ದೂರುದಾರರು ವಾಸ ಮಾಡುವ ಅಥವಾ ದುಡಿಯುವ ಜಾಗದಲ್ಲೇ ದೂರು ಕೊಡಬಹುದು. ಹುಬ್ಬಳ್ಳಿಯಲ್ಲೋ ಕಲಬುರಗಿಯಲ್ಲೋ ಆದ ಚಿಕಿತ್ಸೆಗೆ ಪುಣೆ ಜಿಲ್ಲಾ ಆಯೋಗದಲ್ಲಿ ದೂರು ಸಲ್ಲುತ್ತದೆ, ಶುಕ್ರವಾರ ರಾತ್ರಿಯ ಸ್ಲೀಪರ್ ಬಸ್ಸು ಹಿಡಿಯಬೇಕಿಲ್ಲ. ಚಿಕಿತ್ಸೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, 50 ಲಕ್ಷದವರೆಗೆ ಜಿಲ್ಲಾ ಆಯೋಗವೇ ನೋಡುತ್ತದೆ. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆಯ ಪ್ರತಿ ಕೊಡಬೇಕು ಎಂದು 2002ರ ಅದೇ ನಿಯಮ ಹೇಳುತ್ತದೆ. ಅದನ್ನು ಮೂರು ವರ್ಷದೊಳಗೆ ಕೇಳಬೇಕು ಎಂಬುದಷ್ಟೇ ಅದರ ಗುಟ್ಟು. ಬಾಯಿಮಾತಲ್ಲಿ ಬೇಡ, ಬರೆದು ಕೇಳಿ.

ನಮ್ಮ ಸ್ನೇಹಿತರಿಗೆ ಪರಿಹಾರದ ಹಣದ ಮೇಲೆ ಅಂಥ ಆಸೆ ಇರಲಿಲ್ಲ. "ರೊಕ್ಕ ಆಮ್ಯಾಲೆ ಅಕ್ಕಾ. ನನ್ನ ಮೈಮ್ಯಾಲೆ ಏನ್ ಮಾಡ್ಯಾರಂತ ನನಗ ಗೊತ್ತಾಗಬೇಕಲ್ಲ? ಏನ್ ತಗದಾರ, ಏನ್ ಬಿಟ್ಟಾರ?" ಎಂದರು. ಈಗ ನೋಡುತ್ತಿರುವ ಡಾಕ್ಟರಿಗೆ ಬೇಕಾಗಿರುವುದೂ ಅದೇ. ಊರಲ್ಲಿ ತಾಯಿ ಟ್ರಂಕು ತೆಗೆದು ಹುಡುಕಿದರು. ರೇಷನ್ ಕಾರ್ಡು, ಎಲ್‌ಐಸಿ ಬಾಂಡುಗಳ ಕೆಳಗೆ ಡಿಸ್ಚಾರ್ಜ್ ಕಾರ್ಡಿನ ಒಂದು ಹಾಳೆ ಸಿಕ್ಕಿತು, ಹಿಂದುಗಡೆಯದು ಮಾತ್ರ. ಮುಂದಿನ ತಪಾಸಣೆಗೆ ಬರಬೇಕಾದ ದಿನಾಂಕ, ಒಂದು ಟಾನಿಕ್ಕಿನ ಹೆಸರು, ಕೆಳಗೆ ಅಪ್ಪನ ಸಹಿ. ಅದರ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ. ಗ್ರಾಹಕ ಆಯೋಗಕ್ಕೆ ಹೋಗುವುದಾದರೆ ಅದೊಂದೇ ಕಾಗದ, 2027ರೊಳಗೆ. ಹೋಗಬೇಕೇ ಎಂದು ಅವರಿನ್ನೂ ತೀರ್ಮಾನಿಸಿಲ್ಲ. ದೂರು ಕೊಟ್ಟರೆ ಅಪ್ಪ-ಅಮ್ಮ ಆಯೋಗದ ಮುಂದೆ ಸಾಕ್ಷಿ ಹೇಳಬೇಕಾಗುತ್ತದೆ.